ಕೊನೆಯ ಸಾಲಿನ ಅಂಕಿ

ಅಂಕಿ ಹಾಕದೆ ವರದಿ ಮುಂದೆ ಹೋಗಲೊಲ್ಲದು. ಇನ್ನೊಮ್ಮೆ ಒತ್ತಿದ. ಪರದೆಯ ಮೇಲೆ ಅದೇ ಕೆಂಪು ಗೆರೆ.

ಅವನಂತೆ ಸ್ಕ್ಯಾನ್ ಓದುವ ಡಾಕ್ಟರುಗಳಿಗೆ ಇಂದಿನಿಂದ ಹೊಸ ಪದ್ಧತಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದವರ ಎಂ.ಆರ್.ಐ. ವರದಿಯನ್ನು ಯಾರೇ ಬರೆಯಲಿ, ಕೊನೆಗೊಂದು ಅಂಕಿ ಇರಬೇಕು. ಒಂದೆಂದರೆ ರೋಗದ ಸುಳಿವಿಲ್ಲ, ನಾಲ್ಕೆಂದರೆ ಮರಳಿದೆ, ನಡುವಿನವು ಅನುಮಾನದ ಮೆಟ್ಟಿಲುಗಳು. ಇಷ್ಟು ವರ್ಷ 'ಇರಬಹುದು', 'ಇಲ್ಲವೆನ್ನಲಾಗದು' ಎಂಬ ಮಾತುಗಳ ಮರೆಯಲ್ಲಿ ಬದುಕಿದವನನ್ನು ನಡುಬೀದಿಯಲ್ಲಿ ನಿಲ್ಲಿಸಿದಂತಾಗಿತ್ತು. ಹೆಂಡತಿಗೂ ಅವನು ಕೊಡುತ್ತಿದ್ದ ಉತ್ತರ 'ನೋಡೋಣ'.

ಪರದೆಯ ಮೇಲಿದ್ದುದು ಅಣ್ಣನ ನಾಲಿಗೆ. ಅಂದರೆ, ನಾಲಿಗೆ ಇದ್ದ ಜಾಗ. ಅರ್ಧ ಕತ್ತರಿಸಿ, ಅಲ್ಲಿ ತೊಡೆಯ ಮಾಂಸ ಹೊಲಿದಿದ್ದರು.

ಆಪರೇಷನ್ ಮಾಡಿದ ಡಾಕ್ಟರಮ್ಮನ ಫೋನು.

"ಎಷ್ಟು ಸಾರ್, ನಿಮ್ಮಣ್ಣಂದು?"

"ಹೊಲಿಗೆ ಪಕ್ಕ ಸ್ವಲ್ಪ ಬೆಳ್ಳಗಿದೆ."

"ಹೋದ ಸಲಾನೂ ಇತ್ತಲ್ಲ. ಬೆಳೆದಿದೆಯಾ?"

"ಇಲ್ಲ. ಕಡಿಮೆಯಾಗಿದೆ. ಆದರೂ..."

"ಆದರೂಗೆ ಈಗ ಜಾಗ ಇಲ್ಲ ಸಾರ್. ಹೋದ ಸಲ ನಿಮ್ಮ ಆದರೂ ನಂಬಿ ಮತ್ತೆ ಪರೀಕ್ಷೆಗೆ ತುಣುಕು ತೆಗೆದೆ. ಏನೂ ಸಿಗಲಿಲ್ಲ. ವಾರವೆಲ್ಲ ಅವರಿಗೆ ಗುಟುಕು ನೀರೂ ಇಳೀಲಿಲ್ಲ."

ಅಣ್ಣ ಅದನ್ನು ಹೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಮೊದಲಿಂದ ನೋಡಿದ. ಕುತ್ತಿಗೆಯ ಗ್ರಂಥಿಗಳನ್ನೂ ಬಿಡಲಿಲ್ಲ. ಒಂದು ಎಂದು ಒತ್ತಿದ. ವರದಿ ಹೋಯಿತು. ಎದೆಯ ಮೇಲಿನ ಚಪ್ಪಡಿ ಸರಿದಂತೆ ಉಸಿರು ಸಲೀಸಾಯಿತು. ಅಣ್ಣ ಉಳಿದನೆಂದೋ, ತಾನೊಂದು ಮಾತು ಆಡಿಬಿಟ್ಟೆನೆಂದೋ, ತಿಳಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಣ್ಣ, ಅತ್ತಿಗೆ ಕೂತಿದ್ದರು.

"ಏನೂ ಇಲ್ಲ. ಚೆನ್ನಾಗಿದೆ," ಎಂದ.

ಅತ್ತಿಗೆ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ನಕ್ಕಳು. "ಅಂತೂ ಬಾಯಿಬಿಟ್ಟು ಹೇಳಿದೆಯಲ್ಲಪ್ಪ."

ಅಣ್ಣ ಅವನ ಕೈ ಹಿಡಿದು ಏನೋ ಹೇಳಿದ. ಅರ್ಧ ನಾಲಿಗೆಯ ಆ ಮಾತು ಅವನಿಗೆ ಅರ್ಥವಾಗಲಿಲ್ಲ. "ಹೂಂ," ಎಂದ. ಅಣ್ಣ ಮತ್ತೆ ಹೇಳಿದ, ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು.

"ಆಯ್ತಣ್ಣ. ಹಾಗೇ ಮಾಡೋಣ."

ಅಣ್ಣ ಕೈ ಬಿಟ್ಟ. ತಾನು ಒಪ್ಪಿದ್ದು ಏನನ್ನು? ಅತ್ತಿಗೆಯನ್ನು ಕೇಳೋಣವೆಂದರೆ ನಾಚಿಕೆ.

ಅವರು ಹೋದ ಮೇಲೆ ಮಹಡಿಯ ಕಿಟಕಿಗೆ ಬಂದ. ಕೆಳಗೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ಅಣ್ಣ ಮಾತಾಡುತ್ತಲೇ ಇದ್ದ. ಅತ್ತಿಗೆ ನಡುನಡುವೆ ಉತ್ತರ ಕೊಡುತ್ತಿದ್ದಳು, ಒಮ್ಮೆ ಬಿದ್ದು ಬಿದ್ದು ನಕ್ಕಳು.

ಅಣ್ಣನ ತುಟಿಗಳು ಆಡಿದ ಹಾಗೆ ತನ್ನ ತುಟಿಗಳನ್ನೂ ಆಡಿಸಿ ನೋಡಿದ. ಸದ್ದು ಬರಲಿಲ್ಲ. ಗಾಜಿನ ಮೇಲೆ ಅವನ ಉಸಿರಿನ ಮಂಜು ಕೂತು, ಮೊದಲು ಅತ್ತಿಗೆಯನ್ನು, ಆಮೇಲೆ ಅಣ್ಣನನ್ನು ಅಳಿಸಿತು.