ಕ್ಯಾಶೆಲ್ ಕಳೆದುಕೊಂಡ ಸೀಟು

ನನ್ನ ಗಂಡ ಪಾಯಸ್‌ಗೆ ಎಲ್ಲಿ ಹೋದರೂ ಮುಂದೆ ನಿಲ್ಲುವ ಚಟ. ಊರಿನ ಇಗರ್ಜಿಯಲ್ಲಿ ಜನರ ಮುಂದಾಳು, ಗುರಿಕಾರರಾಗಿದ್ದವರಲ್ಲವೇ! ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಮೇಲೂ ಅದು ಬಿಡಲಿಲ್ಲ.

ನಮ್ಮವರನ್ನು ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಊರಿಗೆ ಕಳಿಸಲು ಭಾರತೀಯರದೇ ಒಂದು ಸಮಿತಿ ಹುಟ್ಟಿಕೊಂಡಿತ್ತು. ಕಟ್ಟಡಕ್ಕೊಬ್ಬ ಪ್ರತಿನಿಧಿಯನ್ನು ವೋಟು ಹಾಕಿ ಆರಿಸಬೇಕು, ಯಾರು ಮೊದಲು ಹೋಗಬೇಕೆಂದು ಅವನೇ ಅಲ್ಲಿ ವಾದಿಸಬೇಕು. ಸಲ್ವಾ ಬಡಾವಣೆಯ ನಮ್ಮ ಕಟ್ಟಡದಿಂದ ಪಾಯಸ್ ನಿಂತರು, ಕೆಳಗಿನ ಮನೆಯ ಲೋಕನಾಥನೂ ನಿಂತ. ಅವನ ಹೆಂಡತಿ ಆಶಾಲತಾ ಎಂಟು ತಿಂಗಳ ಬಸುರಿ. ಅವಳೇ ಮೊದಲ ಬಸ್ಸಿಗೆ ಎಂಬುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ.

ಪಾಯಸ್ ಸುಮ್ಮನಿರಬೇಕಲ್ಲ! ತಾವು ಕೆಲಸಕ್ಕಿದ್ದ ಅಂಗಡಿಯ ಹಾಲಿನ ಪುಡಿ ಡಬ್ಬಿಗಳನ್ನು ವೋಟಿಗಾಗಿ ಮನೆಮನೆಗೆ ಹಂಚತೊಡಗಿದರು. ಆಶಾಲತಾ ನಕ್ಕುಬಿಟ್ಟಳು. “ಈಗ ಬೇಡ ಪಾಯಸಣ್ಣ, ಮಗು ಹುಟ್ಟಿದ ಮೇಲೆ ಕೊಡಿ.”

ಜಾಬ್ರಿಯಾದ ಆಸ್ಪತ್ರೆಯಲ್ಲಿ ನನ್ನ ಜೊತೆ ನರ್ಸ್ ಆಗಿದ್ದ ಐರ್ಲೆಂಡಿನ ಮೊಲ್ಲಿ ಆಗ ನಮ್ಮ ಮನೆಯಲ್ಲೇ ಉಳಿದಿದ್ದಳು. ಅವಳ ಊರು ಕ್ಯಾಶೆಲ್. ಆ ಸಣ್ಣ ಊರಿಗೇ ಹಿಂದೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಂದು ಸೀಟಿತ್ತಂತೆ. 1868ರ ಚುನಾವಣೆಯಲ್ಲಿ ದುಡ್ಡಿಗೆ ವೋಟು ಮಾರಿದ್ದು ಬಯಲಾಗಿ, ಎರಡೇ ವರ್ಷದಲ್ಲಿ ಸೀಟನ್ನೇ ರದ್ದು ಮಾಡಿದರಂತೆ.

“ಮಾರಿದವರದ್ದು ಮಾತ್ರ ಅಲ್ಲ ಗರ್ಟ್ರೂಡ್, ಮಾರದವರದ್ದೂ ಹೋಯಿತು. ಮತ್ತೆ ಬರಲೇ ಇಲ್ಲ,” ಎಂದಳು ಮೊಲ್ಲಿ.

“ಕೇಳಿದ್ರಾ?” ಎಂದು ಗಂಡನತ್ತ ತಿರುಗಿದೆ.

“ಎಂತ ಮಾರಾಯ್ತಿ, ಇದು ಪಾರ್ಲಿಮೆಂಟಾ? ಒಂದು ಡಬ್ಬಿ ಹಾಲಿಗೆ ಯಾರಾದ್ರೂ ಗಲಾಟೆ ಮಾಡ್ತಾರಾ?”

ಮಾಡಿದರು. ಪಾಯಸ್ ಗೆದ್ದ ಮರುದಿನವೇ ದೂರು ಹೋಯಿತು. ಸಮಿತಿಯ ಅಬೂಬಕ್ಕರ್ ಪಾಯಸರನ್ನು ಬಾಗಿಲಲ್ಲೇ ತಡೆದರು. “ನಿಮ್ಮ ಬಿಲ್ಡಿಂಗಿಗೆ ಇಲ್ಲಿ ಜಾಗ ಇಲ್ಲ ಭಾಯಿ, ಖಲಾಸ್. ಎಲ್ಲರದ್ದೂ ಆದ ಮೇಲೆ ನಿಮ್ಮದು.”

“ನನ್ನನ್ನು ಬಿಡಿ. ಆ ಬಸುರಿಯನ್ನಾದ್ರೂ ಕಳಿಸಿ.”

“ಡಬ್ಬಿ ಹಂಚಿದವರ ಮಾತು ನಂಬುದು ಹೇಗೆ?”

ಲೋಕನಾಥ ಹೋಗಿ ಕೈಮುಗಿದರೂ ಸರದಿ ಬದಲಾಗಲಿಲ್ಲ.

ನಾವು ಹೊರಟದ್ದು ಎಲ್ಲರಿಗಿಂತ ಕೊನೆಗೆ, ಸೆಪ್ಟೆಂಬರಿನಲ್ಲಿ. ಜೋರ್ಡಾನ್ ಗಡಿಯ ಡೇರೆಯೊಂದರಲ್ಲಿ ಆಶಾಲತಾಳಿಗೆ ಹೆರಿಗೆಯಾಯಿತು. ಗಂಡು ಮಗು. ನಾನೇ ಕೈಯೊಡ್ಡಿ ಹಿಡಿದೆ. ಡಾಕ್ಟರಿಲ್ಲ, ಔಷಧಿಯಿಲ್ಲ, ಸುಡುವ ಮರಳು. ಎಷ್ಟು ಮಕ್ಕಳನ್ನು ಉಳಿಸಿದ ಕೈ ನನ್ನದು! ಅದೇ ಕೈಯಲ್ಲಿ ಅದು ಕೊನೆಯುಸಿರೆಳೆಯಿತು. ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ.

ಮಗು ಹುಟ್ಟಿತು ಎಂದಷ್ಟೇ ಯಾರೋ ಹೇಳಿದ್ದನ್ನು ಕೇಳಿ ಪಾಯಸ್ ನೀರಿನ ಸಾಲಿನಿಂದ ಓಡಿ ಬಂದರು. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಉಳಿದಿದ್ದ ಒಂದೇ ಡಬ್ಬಿ.

“ತಕೊ ಆಶಾ, ಆವತ್ತು ನೀನೇ ಹೇಳಿದ್ದಿಯಲ್ಲ!”

ಆಶಾಲತಾ ನನ್ನ ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ನೋಡಿದಳು.

“ಇನ್ನು ಯಾರಿಗೆ, ಪಾಯಸಣ್ಣ?” ಎಂದಳು.