ಗಸಗಸೆಯ ಕತ್ತೆ

ಬಿರ್ಕೆನ್‌ರೀಡ್ ಹಳ್ಳಿಯಲ್ಲಿ ಸುಗ್ಗಿ ಹಬ್ಬದ ಹಿಂದಿನ ವಾರ ಹೆಂಗಸರ ವಾರ. ಆಲೂಗಡ್ಡೆ ಅಗೆದು ಮುಗಿದಿರುತ್ತದೆ, ಸೇಬಿನ ರಸ ಹಿಂಡುವುದು ಇನ್ನೂ ಅರ್ಧ ಬಾಕಿ ಇರುತ್ತದೆ, ಆದರೂ ಮನೆಯ ಗಂಡಸರಿಗೆ ತಣ್ಣಗಿನ ಊಟ ಮುಚ್ಚಿಟ್ಟು ಎಲ್ಲರೂ ಚರ್ಚಿಗೆ ಬಂದುಬಿಡುತ್ತಾರೆ. ಪೀಠದ ಮುಂದೆ ಹಲಗೆ ಹರಡಿ, ಊರ ಹೊಲಗಳಲ್ಲಿ ಬೆಳೆದ ಕಾಳುಗಳನ್ನೇ ಬಣ್ಣ ಮಾಡಿಕೊಂಡು ಬೈಬಲ್ಲಿನ ಒಂದು ಪ್ರಸಂಗವನ್ನು ಹಾಸುತ್ತಾರೆ. ಆಕಾಶಕ್ಕೆ ಮಾತ್ರ ಒಣಗಿಸಿದ ಅಗಸೆ ಹೂವು, ಮರಳಿಗೆ ಬರಗು, ಬಟ್ಟೆಗೆ ಕೆಂಪು ಬೇಳೆ. ಅಂಟು ಗಿಂಟು ಏನೂ ಇಲ್ಲ. ಯಾರಾದರೂ ಜೋರಾಗಿ ಸೀನಿದರೆ ಸಂತನೊಬ್ಬನ ಮೂಗು ಹಾರಿಹೋಗುತ್ತದೆ.

ಮೂಗು, ಕಣ್ಣು, ತುಟಿ ಎಲ್ಲ ಜೆಂಜಿಯ ಪಾಲು. ಆಕೆಯ ಪೂರ್ತಿ ಹೆಸರು ಕ್ರೆಸೆನ್ಸಿಯಾ. ಆ ಹೆಸರಿನಿಂದ ಕರೆಯುತ್ತಿದ್ದ ಅಜ್ಜಿ ತೀರಿಕೊಂಡ ಮೇಲೆ ಊರಿಗೆಲ್ಲ ಆಕೆ ಜೆಂಜಿಯೇ. ಹಸುಗಳನ್ನೆಲ್ಲ ಮಾರಿ ಗಂಡನ ಜೊತೆ ಕುಂಬಳಕಾಯಿ ಬೆಳೆದುಕೊಂಡಿದ್ದ ಅರವತ್ತು ದಾಟಿದ ಹೆಂಗಸು. ದಪ್ಪ ಬೆರಳುಗಳು. ಆದರೆ ಅದೇ ಬೆರಳುಗಳ ನಡುವೆ ಚಿಮಟ ಹಿಡಿದು ಸಾಸಿವೆ ಕಾಳೊಂದನ್ನು ಸರಿಸಿದಳೆಂದರೆ ಅಲ್ಲಿಯವರೆಗೆ ಬರೀ ಧಾನ್ಯವಾಗಿದ್ದ ಮುಖ ಥಟ್ಟನೆ ಎದುರಿಗಿರುವವರನ್ನು ನೋಡತೊಡಗುತ್ತಿತ್ತು.

ಆ ವರ್ಷ ಚರ್ಚಿನ ಸಮಿತಿಗೆ ಆಯ್ಗನ್ ರಾಪ್ ಬಂದಿದ್ದರು. ಭೂಮಾಪನ ಕಚೇರಿಯಿಂದ ನಿವೃತ್ತರಾಗಿ, ಹೆಂಡತಿಯ ತವರೂರಾದ ಬಿರ್ಕೆನ್‌ರೀಡ್‌ಗೆ ಬಂದು ನೆಲೆಸಿದವರು. ಚುನಾವಣೆಗೆ ಬೇರೆ ಯಾರೂ ನಿಂತಿರಲಿಲ್ಲ, ಹಾಗಾಗಿ ಗೆದ್ದರು. ಎತ್ತರದ ಆಳು. ಹುಬ್ಬುಗಳು ಹಳೆಯ ಹುಲ್ಲಿನ ಮಾಡಿನ ಅಂಚಿನಂತೆ ಕಣ್ಣಿನ ಮೇಲೆ ಇಳಿಬಿದ್ದಿದ್ದವು. ಏನಾದರೂ ವಿವರಿಸುವಾಗ ಕೆಳತುಟಿ ಮುಂದಕ್ಕೆ ಬಂದು ಜೋತುಬೀಳುತ್ತಿತ್ತು. ಮನುಷ್ಯ ದಿನವಿಡೀ ವಿವರಿಸುತ್ತಿದ್ದುದರಿಂದ ಆ ತುಟಿಗೆ ಪುರಸೊತ್ತೇ ಇರಲಿಲ್ಲ.

ಮೊದಲ ದಿನವೇ ರಾಪ್ ಹಲಗೆಗಳ ಮೇಲೆ ದಾರ ಎಳೆದು ಚೌಕ ಚೌಕ ಮಾಡಿಸಿದರು. ಈ ಸಲದ ಚಿತ್ರ, ಮೇರಿ ಮತ್ತು ಜೋಸೆಫ್ ಕೂಸನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಈಜಿಪ್ಟಿಗೆ ಹೋಗುವುದು. ಒಂದೊಂದು ಚೌಕ ಒಬ್ಬೊಬ್ಬರಿಗೆ. ಮುಖಗಳನ್ನು ಹಾಸಲು ಪಕ್ಕದ ಪಟ್ಟಣದಿಂದ ಚಿತ್ರಕಲೆಯ ತರಗತಿಗೆ ಹೋಗುವ ಇಬ್ಬರು ಹೆಂಗಸರನ್ನು ಕರೆಸಿದ್ದರು. ಜೆಂಜಿ ಚಿಮಟ ಹಿಡಿದು ತನ್ನ ಸರದಿಗೆ ಕಾದಳು. ರಾಪ್ ಆಕೆಯ ದಪ್ಪ ಬೆರಳುಗಳನ್ನೊಮ್ಮೆ ನೋಡಿದರು.

"ನೀವು ಕತ್ತೆ ಮಾಡಿ," ಎಂದರು.

ಜೆಂಜಿ ಅದನ್ನೂ ನುಂಗಿಕೊಂಡಳು. ನುಂಗಲಾಗದ್ದು ನಡೆದದ್ದು ಮಧ್ಯಾಹ್ನ. ಕಾಳು ಹಾಸುವ ದಿನ ಆಕೆ ಈರುಳ್ಳಿಯ ಕೇಕ್ ತರುವುದು ಅಮ್ಮನ ಕಾಲದಿಂದ ಬಂದ ವಾಡಿಕೆ. ಅಗಲವಾದ ತಟ್ಟೆ ತುಂಬ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಕೆನೆ, ಹಂದಿಮಾಂಸದ ಸಣ್ಣ ಚೂರು, ಮೇಲೆ ಶಾಜೀರಿಗೆ. ಒಲೆಯಿಂದ ತೆಗೆದದ್ದೇ ಟವೆಲ್ ಸುತ್ತಿ ತಂದು ಮುಂದಿನ ಬೆಂಚಿನ ಮೇಲಿಟ್ಟಿದ್ದಳು. ಎಣ್ಣೆ ಕೈಗೆ ಕಾಳು ಅಂಟುತ್ತದೆ, ತೇವಕ್ಕೆ ಬೂಸ್ಟು ಬರುತ್ತದೆ, ಚರ್ಚಿನಲ್ಲಿ ಈರುಳ್ಳಿ ನಾತ ಸಲ್ಲದು ಎಂದು ರಾಪ್ ಮೂರೂ ಕಾರಣ ವಿವರಿಸಿ, ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಹೊರಗಿನ ಕಲ್ಲುಗೋಡೆಯ ಮೇಲಿಟ್ಟು ಬಂದರು. ಸಂಜೆ ಹೆಂಗಸರು ಹೊರಗೆ ಬಂದಾಗ ಗೋಪುರದ ಕಾಗೆಗಳು ತಟ್ಟೆಯನ್ನು ತೊಳೆದಿಟ್ಟಂತೆ ಮಾಡಿದ್ದವು. ಒಂದು ಕಾಗೆ ಇನ್ನೂ ಅಲ್ಲೇ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಜೆಂಜಿಯ ನಾದಿನಿ ಅಫ್ರಾ ಖಾಲಿ ತಟ್ಟೆಯನ್ನು ಎತ್ತಿಕೊಂಡಳು. ಬಾಯಿ ಸುಮ್ಮನಿರದ ಹೆಂಗಸು.

"ಹೋಗ್ಲಿ ಬಿಡಿ ಅತ್ತಿಗೆ," ಎಂದಳು. "ಕತ್ತೆಗೇನು ಗೊತ್ತು ಈರುಳ್ಳಿ ಪರಿಮಳ."

ದಾರಿಯುದ್ದಕ್ಕೂ ಜೆಂಜಿಯ ಮುಖದಲ್ಲಿ ಏನೋ ಕುದಿಯುತ್ತಿತ್ತು. ಮನೆಯ ಬಾಗಿಲ ಹತ್ತಿರ ಬಂದಾಗ ಅದು ನಗೆಯಾಗಿತ್ತು.

ಮರುದಿನದಿಂದ ಜೆಂಜಿಯಷ್ಟು ವಿಧೇಯ ಹೆಂಗಸು ಚರ್ಚಿನಲ್ಲಿ ಇನ್ನೊಬ್ಬಳಿರಲಿಲ್ಲ. ತನ್ನ ಚೌಕದ ಮುಂದೆ ಮಂಡಿಯೂರಿ ಕೂತು, ಬೂದುನೀಲಿ ಗಸಗಸೆಯನ್ನು ಚಮಚದಿಂದ ಜಿನುಗಿಸಿ ಕತ್ತೆಯ ಮೈ ತುಂಬಿದಳು. ಕಾಲು, ಬಾಲ, ಕಿವಿ ಎಲ್ಲ ಯಾವ ಕತ್ತೆಗೂ ಇರುವಂಥವೇ. ಮುಖಕ್ಕೆ ಬಂದಾಗ ಮಾತ್ರ ಆಗಾಗ ತಲೆಯೆತ್ತಿ ರಾಪ್ ಅವರ ಬಳಿ ಏನಾದರೂ ಅನುಮಾನ ಕೇಳುತ್ತಿದ್ದಳು. ಬರಗಿಗೂ ನವಣೆಗೂ ಏನು ವ್ಯತ್ಯಾಸ, ದಾರ ಯಾಕೆ ಬಿಗಿಯಾಗಿರಬೇಕು, ಹೀಗೆ. ರಾಪ್ ಸಂತೋಷದಿಂದ ಬಗ್ಗಿ ನಿಂತು ವಿವರಿಸುತ್ತಿದ್ದರು. ಜೆಂಜಿ ಆ ತುಟಿಯನ್ನು ಕಣ್ತುಂಬ ನೋಡಿಕೊಂಡು ಮತ್ತೆ ಕಾಳಿಗೆ ತಲೆಬಾಗುತ್ತಿದ್ದಳು. ಕೆಳತುಟಿಗೆ ಬಿಳಿ ಎಳ್ಳಿನ ಮೇಲೆ ಒಂದು ಸಾಲು ಕೆಂಪು ಬೇಳೆ. ಹುಬ್ಬಿಗೆ ಶಾಜೀರಿಗೆ; ಬಾಗಿದ, ಕಂದು ಬಣ್ಣದ ಆ ಕಾಳುಗಳನ್ನು ದೇವರು ಹುಬ್ಬಿಗೆಂದೇ ಸೃಷ್ಟಿಸಿದ್ದನೋ ಏನೋ. ಪಕ್ಕದ ಚೌಕದಲ್ಲಿ ಖರ್ಜೂರದ ಮರ ಹಾಸುತ್ತಿದ್ದ ಅಫ್ರಾ ಒಮ್ಮೆ ಇತ್ತ ಕಣ್ಣು ಹಾಯಿಸಿದವಳು ಎದ್ದು ಹೊರಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ.

ಭಾನುವಾರ ಪೂಜೆಗೆ ಬಂದವರೆಲ್ಲ ಪೀಠದ ಮುಂದೆ ಸಾಲಾಗಿ ಹೋದರು. ಇಕ್ಕೆಲದಲ್ಲಿ ಕುಂಬಳಕಾಯಿ, ಎಲೆಕೋಸು, ಸೇಬಿನ ಬುಟ್ಟಿ, ನಡುವೆ ಚಿತ್ರ. ಮೊದಲು ಹೋದ ಬೇಕರಿಯವನು ನಿಂತ, ನೋಡಿದ, ಶಿಲುಬೆಯ ಗುರುತು ಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ. ಅವನ ಹಿಂದಿನವರಿಗೆ ಕೆಮ್ಮು ಬಂತು. ಕೆಮ್ಮು ಸಾಲಿನುದ್ದಕ್ಕೂ ಹರಡಿ ಆರ್ಗನ್ ನುಡಿಸುವವನ ತನಕ ಹೋಗಿ ಮುಟ್ಟಿತು. ಪಾದ್ರಿಗಳು ಇಡೀ ಪ್ರವಚನವನ್ನು ಮೇಲಿನ ಕಿಟಕಿ ನೋಡಿಕೊಂಡೇ ಮಾಡಿದರು. ಚಿತ್ರದ ಪಕ್ಕದಲ್ಲಿ ಕಪ್ಪು ಕೋಟು ತೊಟ್ಟು ರಾಪ್ ನಿಂತಿದ್ದರು, ಸರಿಯಾಗಿ ಕತ್ತೆಯ ಬಳಿಯೇ, ಹುಬ್ಬು ಇಳಿಸಿ, ತುಟಿ ಮುಂದಿಟ್ಟು. ಅವರ ಹೆಂಡತಿ ಇರ್ಮ್‌ಟ್ರೌಡ್ ಮಾತ್ರ ಕೆಮ್ಮಲಿಲ್ಲ. ಕತ್ತೆಯನ್ನು ನೋಡಿದರು, ಗಂಡನನ್ನು ನೋಡಿದರು, ಹೋಗಿ ತಮ್ಮ ಜಾಗದಲ್ಲಿ ಕೂತು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಆ ಹೆಂಗಸು ಅಳುವ ಹಾಗೆ ಮಾಡಿಬಿಟ್ಟೆನೇ ಎಂದು ಜೆಂಜಿ ಊಟದ ಹೊತ್ತಿನ ತನಕ ಕೊರಗಿದಳು. ಕುಂಬಳದ ಸೂಪನ್ನೂ ಅರ್ಧಕ್ಕೇ ಬಿಟ್ಟು ಎದ್ದಳು.

ಸುದ್ದಿ ಸುಮ್ಮನೆ ಕೂರಲಿಲ್ಲ. ಅಕ್ಕಪಕ್ಕದ ಹಳ್ಳಿಗಳಿಂದ ಜನ ಬರತೊಡಗಿದರು. ಬಂದವರು ಮೇರಿಯನ್ನು ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಒಮ್ಮೆ ಕತ್ತೆ, ಒಮ್ಮೆ ರಾಪ್, ಮತ್ತೊಮ್ಮೆ ಕತ್ತೆ ನೋಡಿ, ಅವರ ಕೈ ಕುಲುಕಿ, ನಗುತ್ತ ಹೊರಟರು. ರಾಪ್ ದಿನಾ ಬೆಳಗಾದರೆ ಬಂದು ನಿಲ್ಲುತ್ತಿದ್ದರು. ಯಾವ ಕಾಳು ಯಾರ ಹೊಲದ್ದು, ದಾರ ಎಳೆದದ್ದರಿಂದ ಎಷ್ಟು ಅನುಕೂಲವಾಯಿತು ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಅವರ ನಡಿಗೆಯೇ ಬದಲಾಗಿತ್ತು. ಬೇಕರಿಯ ಮುಂದೆ ಎಲ್ಲರಿಗೂ ತಾವಾಗಿ ನಮಸ್ಕಾರ ಹೇಳುತ್ತಿದ್ದರು. ಒಂದು ದಿನ ಬೇಲಿಯ ಹತ್ತಿರ ಜೆಂಜಿಯನ್ನು ನಿಲ್ಲಿಸಿ, ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದರೂ ಜನ ತಮ್ಮನ್ನು ನೋಡಿ ಇಷ್ಟು ಸಂತೋಷಪಟ್ಟದ್ದಿಲ್ಲ ಎಂದರು.

ಜೆಂಜಿ ತಮಾಷೆ ಮಾಡಿದ್ದು ಸೊಕ್ಕಿನ ಮನುಷ್ಯನ ಮೇಲೆ. ಈಗ ಆ ಮನುಷ್ಯ ಮಗುವಿನಂತೆ ಖುಷಿಯಾಗಿ ಅದರ ಪಕ್ಕದಲ್ಲೇ ನಿಂತುಬಿಟ್ಟರೆ ನಗುವುದಾದರೂ ಹೇಗೆ? ಅಫ್ರಾಳಿಗೆ ಹೇಳಿದರೆ ಅವಳು ಇನ್ನಷ್ಟು ನಕ್ಕಳು. ಕೊನೆಗೆ ಜೆಂಜಿ ತಾನೇ ತೀರ್ಮಾನ ಮಾಡಿ, ಊರೆಲ್ಲ ಊಟಕ್ಕೆ ಕೂತ ಹೊತ್ತು ನೋಡಿ ಚರ್ಚಿಗೆ ಹೋದಳು. ಹುಬ್ಬು ತೆಗೆದರೆ ಸಾಕು, ಬರೀ ಕತ್ತೆಯಾಗುತ್ತದೆ.

ಎಡಹುಬ್ಬನ್ನು ಪೂರ್ತಿ ಚಿಮಟದಿಂದ ಆರಿಸಿ ಬಟ್ಟಲಿಗೆ ಹಾಕಿದ್ದಳು. ಹಿಂದೆ ಬೂಟಿನ ಸದ್ದಾಯಿತು. ರಾಪ್.

"ಏನ್ ಮಾಡ್ತಿದ್ದೀರಿ ನೀವು?"

ಹುಬ್ಬು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಅದಕ್ಕೇ, ಎಂದು ಜೆಂಜಿ ತೊದಲಿದಳು. ರಾಪ್ ಚಿತ್ರದ ಸುತ್ತ ಕಟ್ಟಿದ್ದ ದಾರ ದಾಟಿ ಬಂದು ಆಕೆಯ ಪಕ್ಕದಲ್ಲೇ ಮಂಡಿಯೂರಿದರು.

"ಇಡೀ ಚಿತ್ರದಲ್ಲಿ ಜೀವ ಇರೋದೇ ಈ ಕತ್ತೇಲಿ," ಎಂದರು. "ಆ ಪಟ್ಟಣದವರು ಮೇರಿ ಮುಖಾನ ಬೇಯಿಸಿದ ಆಲೂಗಡ್ಡೆ ಮಾಡಿಟ್ಟಿದ್ದಾರೆ. ನಾನು ಬಾಯಿ ಬಿಟ್ಟು ಹೇಳ್ಲಿಲ್ಲ, ಅಷ್ಟೇ. ಮುಖ ಎಲ್ಲಾ ನಿಮ್ಮ ಕೈಗೇ ಕೊಡ್ಬೇಕಿತ್ತು, ತಪ್ಪಾಯ್ತು. ಈಗ ದಯವಿಟ್ಟು ಹುಬ್ಬು ಮತ್ತೆ ಹಾಕಿ. ಹ್ಯಾಗಿತ್ತೋ ಹಾಗೇ."

ಜೇಬಿನಿಂದ ಟಾರ್ಚ್ ತೆಗೆದು ಬೆಳಕು ಹಿಡಿದರು. ಅವರ ಮುಖ ಕತ್ತೆಯ ಮುಖದ ಪಕ್ಕಕ್ಕೇ ಬಂತು. ಜೆಂಜಿಗೆ ಈಗ ನೆನಪಿನಿಂದ ಹಾಕುವ ಅಗತ್ಯವೇ ಇರಲಿಲ್ಲ. ನೋಡಿ ನಕಲು ಮಾಡಿದರೆ ಸಾಕಿತ್ತು. ಒಂದು ಶಾಜೀರಿಗೆ ಇಟ್ಟಳು, ಇನ್ನೊಂದು ಇಟ್ಟಳು.

"ಇನ್ನೂ ಸ್ವಲ್ಪ ದಟ್ಟ ಇತ್ತು," ಎಂದರು ರಾಪ್. "ತುದೀಲಿ ಕೆಳಗಿಳೀತಿತ್ತು. ಅದರಿಂದ್ಲೇ ಒಂದು ಗಾಂಭೀರ್ಯ ಬಂದಿತ್ತು. ಈ ಮುಖ ಎಲ್ಲೋ ನೋಡಿದೀನಿ ಅನ್ಸುತ್ತೆ ನಂಗೆ. ಎಲ್ಲಿ ಅಂತ ಹೊಳೀತಿಲ್ಲ."

ಜೆಂಜಿ ತುಟಿ ಕಚ್ಚಿದಳು, ಸತ್ತ ಅಜ್ಜಿಯನ್ನು ನೆನೆದಳು, ಕಟ್ಟಬೇಕಾದ ತೆರಿಗೆಯನ್ನು ನೆನೆದಳು. ಯಾವುದೂ ಒದಗಲಿಲ್ಲ. ನಗು ಮೂಗಿನಿಂದ ಫುಸ್ಸೆಂದು ಹೊರಬಿದ್ದು ಕತ್ತೆಯ ಒಂದು ಹೊಳ್ಳೆ ಗಾಳಿಯಲ್ಲಿ ಹಾರಿ ಜೋಸೆಫನ ಗಡ್ಡಕ್ಕೆ ಹೋಗಿ ಕೂತಿತು. ಶೀತ ಆಗಿದೆ ಎಂದಳು. ರಾಪ್ ತಮ್ಮ ಮಫ್ಲರು ಬಿಚ್ಚಿ ಆಕೆಯ ಕೊರಳಿಗೆ ಸುತ್ತಿದರು. ಗಡ್ಡದಿಂದ ಗಸಗಸೆ ಆರಿಸಲು ತಾವೂ ಕೈ ಹಚ್ಚಿದರು. ಒಂದು ಕಾಳು ಎತ್ತುವಾಗ ನಾಲ್ಕು ಬೀಳುತ್ತಿದ್ದವು. ಜೆಂಜಿ ಚಿಮಟ ಹಿಡಿಯುವ ಬಗೆ ತೋರಿಸಿಕೊಟ್ಟಳು. ಮನುಷ್ಯ ಬಾಯಿ ಮುಚ್ಚಿಕೊಂಡು ಕಲಿತರು. ಮುಗಿಸಿ ಎದ್ದಾಗ ಕತ್ತೆ ಮೊದಲಿಗಿಂತಲೂ ಹೆಚ್ಚು ರಾಪ್ ಆಗಿತ್ತು.

ಚಿತ್ರ ತೆಗೆದು ಕಾಳನ್ನೆಲ್ಲ ಹಕ್ಕಿಗಳಿಗೆ ಹಾಕಿದ ಮರುವಾರ ರಾಪ್ ಜೆಂಜಿಯ ಮನೆಗೆ ಬಂದರು. ಬರುವ ತಿಂಗಳು ಹೆಂಡತಿಯ ಹುಟ್ಟುಹಬ್ಬ, ಆ ಕತ್ತೆಯ ಮುಖವನ್ನು ಒಂದು ಸಣ್ಣ ಹಲಗೆಯ ಮೇಲೆ ಅಂಟಿನಲ್ಲಿ ಮಾಡಿಕೊಡಬಹುದೇ, ಗಾಜು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕುತ್ತೇನೆ, ಗುಟ್ಟಾಗಿರಲಿ ಎಂದರು. ಜೆಂಜಿಗೆ ನೆಲ ಬಾಯ್ಬಿಟ್ಟರೆ ಒಳಗಿಳಿಯೋಣ ಅನ್ನಿಸಿತು. ಆದರೂ ಒಪ್ಪಿಕೊಂಡು ಹಲಗೆಯ ಅಳತೆ ಕೇಳಿದಳು.

ಎರಡು ದಿನ ಬಿಟ್ಟು ಇರ್ಮ್‌ಟ್ರೌಡ್ ಬಂದರು. ಅಡುಗೆಮನೆಯಲ್ಲಿ ಜೆಂಜಿ ಕ್ವಿನ್ಸ್ ಹಣ್ಣಿನ ಪಾಕ ತಿರುವುತ್ತಿದ್ದಳು. ಮೇಜಿನ ಮೇಲೆ ಅರ್ಧ ಮುಗಿದ ಕತ್ತೆ ಒಣಗುತ್ತಿತ್ತು, ಮುಚ್ಚಲು ಹೊತ್ತಿರಲಿಲ್ಲ. ಜೆಂಜಿ ಸೌಟು ಹಿಡಿದುಕೊಂಡೇ ಭಾನುವಾರದ ಕಣ್ಣೀರನ್ನು ನೆನೆದು ಕ್ಷಮೆ ಕೇಳತೊಡಗಿದಳು. ಈರುಳ್ಳಿ ಕೇಕು, ಕಾಗೆ, ಕೋಪ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇರ್ಮ್‌ಟ್ರೌಡ್ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿಸಿಕೊಂಡರು.

"ಅತ್ತಿದ್ದಲ್ಲ ಕಣೇ ನಾನು," ಎಂದರು. "ನಗು ತಡ್ಕೊಳ್ಳೋಕಾಗ್ದೆ ಕಣ್ಣಲ್ಲಿ ನೀರು ಬಂತು. ಅವರ ಜೊತೆ ಸಂಸಾರ ಮಾಡ್ದಾಗಿನಿಂದ ಆ ಮುಖಾನ ಯಾರಿಗಾದ್ರೂ ತೋರಿಸ್ಬೇಕು ಅಂತಿದ್ದೆ. ನೀನು ಊರಿಗೆಲ್ಲ ತೋರಿಸ್ದೆ."

ಹಲಗೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಅತ್ತಿತ್ತ ತಿರುಗಿಸಿದರು. ಇದು ತಮ್ಮದೇ ಮುಖ ಅಂತ ಅವರಿಗೆ ಗೊತ್ತೇ, ಎಂದು ಜೆಂಜಿ ಮೆಲ್ಲಗೆ ಕೇಳಿದಳು.

"ಕನ್ನಡಿ ಮುಂದೆ ನಿಂತಾಗ ಅವರಿಗೆ ಕಾಣೋದೇ ಬೇರೆ," ಎಂದರು ಇರ್ಮ್‌ಟ್ರೌಡ್. ಹಲಗೆಯನ್ನು ಜೋಪಾನವಾಗಿ ಕೆಳಗಿಟ್ಟು, ಸೌಟಿಗೆ ಅಂಟಿದ್ದ ಪಾಕವನ್ನು ಬೆರಳಲ್ಲಿ ತೆಗೆದು ರುಚಿ ನೋಡಿದರು. "ಎಲ್ಲ ಚೆನ್ನಾಗಿದೆ. ಕಿವಿ ಮಾತ್ರ ಇನ್ನೊಂದು ಬೆರಳಷ್ಟು ಉದ್ದ ಮಾಡು."

ಜೆಂಜಿ ಒಲೆಯ ಉರಿ ತಗ್ಗಿಸಿ ಗಸಗಸೆಯ ಡಬ್ಬಿ ತರಲು ಹೋದಳು.