ಪಂಕ್ತಿಗೆ ಬಂದ ಗಾಡಿ

ರಾಯಾಪುರದ ಆ ಹಳೆಯ ಮಠದಲ್ಲಿ ದಾಸೋಹದ ಕೊನೆಗೆ ಒಂದು ಕೂಗು ಹಾಕುತ್ತಾರೆ. ಪಂಕ್ತಿಗಳೆಲ್ಲ ಎದ್ದ ಮೇಲೆ, ಬಡಿಸಿದವರು ತಾವು ಕೂಡುವ ಮುಂಚೆ, ಒಬ್ಬರು ಬಾಗಿಲಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ, "ಹಸದವರು ಯಾರರ ಅದೀರೇನ್ರಿ?" ಎಂದು ಮೂರು ಸಲ ಕೇಳಬೇಕು. ಓಗೊಟ್ಟವರು ಉಂಡ ಮೇಲೆಯೇ ಮಠ ನಡೆಸುವ ಮನೆತನದವರು ತಾಟಿನ ಮುಂದೆ ಕೂಡುವುದು. ಚಕ್ಕಡಿಗಳ ಕಾಲದಲ್ಲಿ, "ನಾವು ಉಂಡೇವ್ರಿ, ನಮ್ಮ ಎತ್ತು ಹಸದಾವು" ಎಂದು ಯಾರಾದರೂ ಅಂದರೆ ಎತ್ತುಗಳಿಗೆ ಮೇವು ಹಾಕಿ, ನೀರು ಕುಡಿಸಿ, ಆಮೇಲೆ ಮನೆತನದವರ ಊಟ. ಆ ಎತ್ತುಗಳು ನೀರು ಕುಡಿದ ಕಲ್ಲಿನ ದೋಣಿ ಇವತ್ತಿಗೂ ಬಾಗಿಲ ಬದಿಗಿದೆ. ಅದರ ಅಂಚು ನುಣ್ಣಗಾಗಿದೆ. ಶಿವನ ಮನೆಯಲ್ಲಿ ಕಲ್ಲಿಗೂ ನೆನಪಿರುತ್ತದೆ, ಮರೆಯುವವರು ನಾವು.

ಸೋಮವಾರದ ಕೂಗು ದಾನವ್ವನದು. ಜೋಳದ ರೊಟ್ಟಿ ಬಡಿದು, ಸ್ಕೂಟರಿನ ಮೇಲೆ ಹುಬ್ಬಳ್ಳಿ ಧಾರವಾಡದ ಖಾನಾವಳಿಗಳಿಗೆ ಮುಟ್ಟಿಸುವುದು ಅವಳ ದುಡಿಮೆ. ಸೋಮವಾರ ಮಠಕ್ಕೆ ಬಂದು ದಾಸೋಹದ ರೊಟ್ಟಿ ಬಡಿಯುವುದು ಅವಳ ಪೂಜೆ. ಇರುವುದು ನವನಗರದಲ್ಲಿ, ಗುರುಬಸವ ಸಾವಕಾರರ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ, ಬಾಡಿಗೆಗೆ. ಸಾವಕಾರರದು ಅರಳೆ ವ್ಯಾಪಾರ. ಮಠದ ಕಾರಭಾರವೂ ತಲೆಮಾರುಗಳಿಂದ ಅವರ ಮನೆತನದ್ದೇ.

ಯುಗಾದಿಗೆ ಸಾವಕಾರರು ಕರೆಂಟಿನ ಕಾರು ತಂದರು. ಅಂದಿನಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ.

"ಪೆಟ್ರೋಲ್ ಹಾಕಸಾವ ಹುಚ್ಚ ನೋಡವ್ವಾ. ರಾತ್ರಿ ಗ್ವಾಡಿ ಪ್ಲಗ್ಗಿಗೆ ಹಚ್ಚಿ ಮಲಗೂದು, ಮುಂಜಾನೆದ್ದು ಹೊಂಡೂದು. ಬೆಳಗಾವಿಗೆ ಹೋಗಿ ಬಂದ್ರೂ ಒಂದು ಚಹಾ-ಫಳಾರದ ಖರ್ಚು. ನೀ ದುಡದದ್ದೆಲ್ಲಾ ಬಂಕಿಗೆ ಸುರೀಲಿಕ್ಕತ್ತಿ. ಆ ಹೊಗಿ ಗಾಡಿ ಕೊಟ್ಟು ಕರೆಂಟಿಂದು ತಗೋ."

ಮಾತು ಸುಳ್ಳಾಗಿರಲಿಲ್ಲ. ಹಿರಿಯರು ಹೇಳಿದ್ದಾರೆಂದು ದಾನವ್ವ ನಂಬಿದಳು. ಕರೆಂಟಿನ ಗಾಡಿ ಪೆಟ್ರೋಲಿನದಕ್ಕಿಂತ ತುಟ್ಟಿ. ಆದರೆ ದಿನದ ಖರ್ಚು ಉಳಿದರೆ ಕಂತು ಅದರಲ್ಲೇ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ, ಹಳೆಯ ಸ್ಕೂಟರು ಕೊಟ್ಟು ಹೊಸದನ್ನು ತಂದಳು. ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದಳು. ಸಾವಕಾರರೇ ಕಾಯಿ ಒಡೆದರು. ಆಮೇಲೆ ಅವಳು ವಾಯರು ಹಿಡಿದುಕೊಂಡು ಕೇಳಿದಳು:

"ಹೊರಗಿನ ಗ್ವಾಡಿಗೆ ಒಂದು ಪ್ಲಗ್ಗು ಕೂಡಿಸ್ಕೋತೇನ್ರಿ ಸಾವಕಾರ್ರ. ಖರ್ಚು ನಂದು, ಮೀಟರೂ ನಂದು."

"ಮೀಟರ್ ನಿಂದ ಇರಬಹುದವ್ವಾ, ಗ್ವಾಡಿ ನಂದು. ಈ ಮನಿ ವಾಯರಿಂಗ್ ನನ್ನ ಕಾರಿನ ಭಾರ ತಾಳಿದ್ರ ಸಾಕಾಗೇತಿ."

"ವಾಯರಿಂಗ್ ಬದಲಿ ಮಾಡಸೂಣ್ರಿ. ಅರ್ಧಾ ರೊಕ್ಕ ನಾ ಕೊಡ್ತೇನಿ."

"ನೋಡೂಣು."

ಆ 'ನೋಡೂಣು' ಮಳೆಗಾಲದ ತನಕ ಹಾಗೆಯೇ ಉಳಿಯಿತು. ಕೋಣೆಯ ಪ್ಲಗ್ಗಿನಿಂದ ಕಿಟಕಿಯಾಚೆ ವಾಯರು ಎಳೆಯಲಿಕ್ಕೂ ಅವರು ಬಿಡಲಿಲ್ಲ. ರಸ್ತೆ ಬದಿಯ ಚಾರ್ಜಿಂಗ್ ಕೇಂದ್ರದಲ್ಲಿ ಮನೆಯ ದರವಿಲ್ಲ. ಅಲ್ಲಿ ಸಾಲಿನಲ್ಲಿ ಕಾಯುತ್ತ ಕೂತರೆ ಹಂಚಿನ ಮುಂದೆ ಕೂಡುವವರು ಯಾರು? ಕಂತೂ ಹೋಯಿತು, ಹೊತ್ತೂ ಹೋಯಿತು. ಎರಡು ಸಲ ರೊಟ್ಟಿ ತಡವಾಗಿ ಮುಟ್ಟಿದ್ದಕ್ಕೆ ದೊಡ್ಡ ಖಾನಾವಳಿಯವನು, "ಇನ್ನೊಮ್ಮೆ ತಡಾ ಆದ್ರ ಬ್ಯಾರೇದವರಿಗೆ ಹೇಳ್ತೇನಿ" ಎಂದುಬಿಟ್ಟಿದ್ದ. ದಿನಾ ರಾತ್ರಿ ಕಿಟಕಿಯಾಚೆ ಸಾವಕಾರರ ಕಾರು ಗೋಡೆಗೆ ಬಾಯಿಟ್ಟು ತಣ್ಣಗೆ ಕರೆಂಟು ಕುಡಿಯುವುದನ್ನು ದಾನವ್ವ ನೋಡುತ್ತಿದ್ದಳು. ಸೋವಿ ಗಾಡಿಯಲ್ಲಿಲ್ಲ, ಗೋಡೆಯಲ್ಲಿದೆ ಎಂದು ಅವಳಿಗೆ ತಿಳಿದದ್ದು ಹಾಗೆ.

ಸೋಮವಾರ ಮಾತ್ರ ಒಂದು ದಾರಿಯಿತ್ತು. ಗದ್ದುಗೆಯ ಪೂಜೆ ಮಾಡುವ ಶಾಂತಯ್ಯಜ್ಜನನ್ನು ಕೇಳಿ, ರೊಟ್ಟಿ ಬಡಿಯುವಷ್ಟು ಹೊತ್ತು ಮಠದ ರುಬ್ಬುವ ಯಂತ್ರದ ಪ್ಲಗ್ಗಿಗೆ ಗಾಡಿ ಹಚ್ಚುತ್ತಿದ್ದಳು. ಹೋಗುವಾಗ ಹುಂಡಿಗೆ ಕರೆಂಟಿನ ಕಾಣಿಕೆ ಹಾಕುತ್ತಿದ್ದಳು.

ಶ್ರಾವಣದ ಸೋಮವಾರ ಸಾವಕಾರರು ಹೆಂಡತಿ ನಾಗರತ್ನಾ ಜೊತೆ ಮಠಕ್ಕೆ ಬಂದರು. ಇಬ್ಬರಿಗೂ ಉಪವಾಸ, ದಾಸೋಹದಲ್ಲೇ ಬಿಡಬೇಕು. ಅಡುಗೆಮನೆಯಿಂದ ಹೊರಬಿದ್ದ ವಾಯರನ್ನು ಸಾವಕಾರರ ಕಣ್ಣು ಗಾಡಿಯ ತನಕ ಹಿಂಬಾಲಿಸಿತು. ಉಣ್ಣುತ್ತಿದ್ದ ಪಂಕ್ತಿಯನ್ನು ದಾಟಿಕೊಂಡು ಹೋಗಿ ಪ್ಲಗ್ಗಿನಿಂದ ಅದನ್ನು ಕಿತ್ತರು.

"ಯಾರ ಅಪ್ಪಣಿ ಇದು? ಮಠದ ಕರೆಂಟ್ ಕುಡಸ್ತೀಯೇನು ಗಾಡಿಗೆ?"

"ಅಜ್ಜಾರ್ನ ಕೇಳೇನ್ರಿ. ಹುಂಡಿಗೆ ರೊಕ್ಕಾ ಹಾಕೇನಿ."

"ಮಠ ಕರೆಂಟ್ ಮಾರೂದಿಲ್ಲ!"

"ಹಂಗಾರ ದಾಸೋಹ ಅಂತ ತಿಳ್ಕೋರಿ."

"ದಾಸೋಹ ಮನಶ್ಯಾಗ, ಗಾಡಿಗಲ್ಲ. ಇವತ್ತು ನಿನಗ ಬಿಟ್ರ ನಾಳಿ ನವನಗರ ಎಲ್ಲಾ ವಾಯರ್ ಹಿಡಕೊಂಡು ಬರತೈತಿ. ಬಿಲ್ ಯಾರು ಕಟ್ಟಬೇಕು?"

ಮಾರುವಂತಿಲ್ಲ, ಕೊಡುವಂತಿಲ್ಲ. ದಾನವ್ವನ ಕಿವಿಗಳು ಕಾದ ಹಂಚಿನಂತಾದವು. ಆದರೆ ಪಂಕ್ತಿ ಕೂತಿತ್ತು. ಹಸಿದವರೆದುರು ಜಗಳ ಮಾಡಬಾರದು. ಅವಳು ತಿರುಗಿ ಒಲೆಯ ಮುಂದೆ ಕೂತಳು. ಅಂದು ಅವಳು ಬಡಿದ ರೊಟ್ಟಿಯ ಸಪ್ಪಳ ಗದ್ದುಗೆಯ ತನಕ ಕೇಳಿಸಿತು. ಒಂದು ರೊಟ್ಟಿಯೂ ಹರಿಯಲಿಲ್ಲ. ಸಿಟ್ಟು ಕೈಯಲ್ಲಿತ್ತು, ಹಿಟ್ಟಿಗೆ ಇಳಿಯಲು ಅವಳು ಬಿಡಲಿಲ್ಲ. ಅದೂ ಒಂದು ತಪಸ್ಸೇ.

ಕೊನೆಯ ಪಂಕ್ತಿ ಎದ್ದಿತು. ಸಾವಕಾರರ ಮನೆಯವರಿಗೆ ತಾಟು ಹಾಕಿದರು. ದಾನವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಾಗಿಲಿಗೆ ನಡೆದಳು.

"ಹಸದವರು ಯಾರರ ಅದೀರೇನ್ರಿ?"

ಬೀದಿ ಸುಮ್ಮನಿತ್ತು. ಎರಡನೆಯ ಸಲ ಕೂಗಿದಳು. ಮೂರನೆಯ ಸಲವೂ ಕೂಗಿದಳು. ಕೂಗಿ ಮುಗಿಸಿ, ತನ್ನ ಗಾಡಿಯ ಹ್ಯಾಂಡಲ್ ಹಿಡಿದು, ಅಂಗಳ ದಾಟಿಸಿ, ಸಾವಕಾರರ ತಾಟಿನ ಎದುರಿಗೆ ತಂದು ನಿಲ್ಲಿಸಿದಳು.

"ಇದು ಹಸದೈತ್ರಿ."

"ಏ ದಾನವ್ವ, ತಲಿ ಕೆಟ್ಟೈತೇನು? ಪಂಕ್ತಿಯೊಳಗ ಗಾಡಿ ತರ್ತಿ?"

"ನಿಮ್ಮ ಮುತ್ಯಾನ ಕಾಲದಾಗ ಎತ್ತು ತರತಿದ್ರಲ್ರಿ? ನನಗ ಎತ್ತಂದ್ರೂ ಇದ ಗಾಡಿ, ಚಕ್ಕಡಿ ಅಂದ್ರೂ ಇದ ಗಾಡಿ. ಸಂಜಿಗೆ ಇದು ಏಳದಿದ್ರ ನನ್ನ ರೊಟ್ಟಿ ಖಾನಾವಳಿ ಮುಟ್ಟೂದಿಲ್ಲ, ನಾಳೆಯಿಂದ ನನ್ನ ಒಲಿ ಹತ್ತೂದಿಲ್ಲ."

"ಎತ್ತಿನ್ಯಾಗ ಜೀವ ಇರತೈತಿ!"

"ನಿಮ್ಮ ಕಾರಿನ್ಯಾಗ ಯಾವ ಜೀವ ಐತ್ರಿ, ದಿನಾ ರಾತ್ರಿ ಉಣಸ್ತೀರಿ? ತಗೋ ಅಂದವರು ನೀವು. ಕಾಯಿ ಒಡದವರು ನೀವು. ಮನ್ಯಾಗ ಗ್ವಾಡಿ ನಂದು ಅಂದ್ರಿ, ಸುಮ್ಮನಾದೆ. ಈ ಗ್ವಾಡೀನೂ ನಿಮ್ಮದೇನ್ರಿ? ಇದು ಶಿವಂದು!"

ಮುಸುರೆ ತೊಳೆಯುತ್ತಿದ್ದ ಹೆಂಗಸರ ಕೈಗಳು ನಿಂತವು. ಶಾಂತಯ್ಯಜ್ಜ ಕೋಲು ಊರಿ ಗದ್ದುಗೆಯ ಬಳಿಯಿಂದ ಎದ್ದು ಬಂದ. ಬಾಗಿ, ನೆಲದ ಮೇಲೆ ಬಿದ್ದಿದ್ದ ವಾಯರಿಗೆ ಕೈ ಹಾಕಿದ.

"ನಾ ಹಚ್ತೇನಿ ಬಿಡವ್ವಾ, ತಂಗಿ."

"ಬ್ಯಾಡ್ರಿ ಅಜ್ಜಾರ. ನೀವು ಕಿತ್ತಿಲ್ಲ. ಕಿತ್ತ ಕೈಯೇ ಹಚ್ಚಬೇಕು."

ಅಜ್ಜ ವಾಯರು ಬಿಟ್ಟು ನೆಟ್ಟಗಾದ. ಸಾವಕಾರರ ಕಡೆ ನೋಡಿ ಮೆಲ್ಲಗೆ ಅಂದ, "ಕೂಗಿಗೆ ಓಗೊಟ್ಟಾರಪ್ಪಾ. ಅವರದಾಗೂ ತನಕ ನಿಮ್ಮ ಮನೆತನ ಉಣ್ಣಾಂಗಿಲ್ಲ. ನಿಮ್ಮ ಹಿರ್ಯಾರ ಮಾಡಿದ್ದು ಇದು."

ಸಾವಕಾರರು ತಾಟಿನ ಮುಂದೆ ನಿಂತೇ ಇದ್ದರು. ರೊಟ್ಟಿಯ ಮೇಲಿನ ಬೆಣ್ಣೆ ಕರಗಿತು, ಎಣಗಾಯಿ ಆರಿತು. ಗಾಡಿ ಅವರನ್ನೂ ಅವರು ಗಾಡಿಯನ್ನೂ ನೋಡುತ್ತಿದ್ದರು. ಕಡೆಗೆ ನಾಗರತ್ನಾ ಗಂಡನ ಧೋತರದ ಚುಂಗು ಜಗ್ಗಿದಳು.

"ಏನ್ರೀ, ಹಚ್ಚಿ ಬರ್ರಿ. ಮುಂಜಾನಿಂದ ನೀರು ಕುಡದಿಲ್ಲ ನಾ. ನಿಮ್ಮ ಹಟ ಉಂಡ್ರ ನನ್ನ ಹೊಟ್ಟಿ ತುಂಬತೈತೇನು?"

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾವಕಾರರ ಮುಖ ಕೆಂಪಾಯಿತು. ಬಗ್ಗಿ ವಾಯರು ಎತ್ತಿಕೊಂಡು ಅಡುಗೆಮನೆಗೆ ಹೋದರು. ಗಾಡಿಯ ಮುಖದ ಮೇಲೆ ಸಣ್ಣದೊಂದು ಹಸಿರು ದೀಪ ಮಿಣುಕತೊಡಗಿತು.

ಅವರು ಮರಳಿ ಬಂದು ಕೂತಾಗ ದಾನವ್ವ ಆರಿದ ರೊಟ್ಟಿ ತೆಗೆದು ಬಿಸಿಯದನ್ನು ಬಡಿಸಿದಳು. ಅವಳ ಮುಖದ ಗಂಟು ಸಡಿಲಾಗಿರಲಿಲ್ಲ. ಸಾವಕಾರರು ರೊಟ್ಟಿ ಮುರಿದರು.

"ಉಣ್ರಿ," ಅಂದಳು. "ಆದ್ರ ನಾಳೆ ಸೋಮವಾರ ಅಲ್ರಿ. ನಾಳೇನೂ ಇದು ಹಸೀತೈತಿ. ಅಲ್ಲಿ ನಿಮ್ಮ ಬಾಗಲಕ್ಕ ನಿಂತು ಕೂಗ್ತೇನಿ. ಯಾವ ಗ್ವಾಡಿಗೆ ಹಚ್ಚಲಿ, ಈಗ ಹೇಳ್ರಿ."

ತುತ್ತು ಹಿಡಿದ ಸಾವಕಾರರ ಕೈ ಬಾಯಿಯ ಹತ್ತಿರ ನಿಂತಿತು. ದಾನವ್ವ ರೊಟ್ಟಿಯ ಬುಟ್ಟಿಯನ್ನು ಬಗಲಲ್ಲಿ ಇಟ್ಟುಕೊಂಡು ಅಲ್ಲಿಯೇ ನಿಂತಳು, ಉತ್ತರ ಬರುವ ತನಕ.